ಘಾಟು ಬಂದ ಜಾಡಿ

ಮಾರ್ಚ್ ೧೧, ಮಂಗಳವಾರ

ಬೆಳಿಗ್ಗೆ ನಮ್ಮ ವಿಧಿವಿಜ್ಞಾನ ಲ್ಯಾಬಿನಲ್ಲಿ, ಸತ್ತ ಹೆಂಗಸೊಬ್ಬಳ ಜಠರವಿದ್ದ ಜಾಡಿಯ ಮುಚ್ಚಳ ತೆಗೆದೊಡನೆ, ಅಂಗಾಂಗ ಕೆಡದಂತೆ ಹಾಕುವ ಫಾರ್ಮಾಲಿನ್ ಘಾಟು ನನ್ನ ಮೇಜಿನವರೆಗೂ ಬಂತು. ವಿಷ ಪರೀಕ್ಷೆಗೆ ಕಳಿಸುವ ಜಠರವನ್ನು ಉಪ್ಪುನೀರಿನಲ್ಲಿಡಬೇಕು. ಫಾರ್ಮಾಲಿನ್‌ನಲ್ಲಿಟ್ಟರೆ ಎಷ್ಟೋ ವಿಷಗಳ ಸುಳಿವೇ ಸಿಗುವುದಿಲ್ಲ. ವರದಿ ಟೈಪು ಮಾಡುವ ನನಗೇ ಇದು ಗೊತ್ತು.

"ವಿಷ ಪತ್ತೆಯಾಗಿಲ್ಲ ಅಂತ ಹೊಡಿಯಮ್ಮ," ಎಂದ ಮುಖ್ಯಸ್ಥ. ಹೆಣ ಕೊಯ್ದು ಜಾಡಿ ತುಂಬಿದ ಡಾಕ್ಟರು ಅವನ ಗೆಳೆಯ.

"ಸರ್, ಈ ಜಾಡಿ ಪರೀಕ್ಷೆಗೇ ಬರಲ್ಲ ಅಂತ ಅಲ್ವಾ ಹೊಡಿಬೇಕು?"

"ನೋಡ್ರಪ್ಪ, ಕವಯಿತ್ರಿಗೆ ಕೆಮಿಸ್ಟ್ರಿನೂ ಬಂತು."

ನಾನು ಪದ್ಯ ಬರೆಯುತ್ತೇನೆಂದು ಅವನಿಟ್ಟ ಹೆಸರು ಅದು. ಎಲ್ಲರೂ ನಕ್ಕರು. ಆ ಹಲ್ಲುಗಳನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಸತ್ತವಳ ಅಕ್ಕ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು. ಆ ಒಂದು ಸಾಲು ಹೊರಟರೆ ವಿಷ ಹಾಕಿದ ಅನುಮಾನದ ಮೇಲೆ ಒಳಗಿರುವ ಅವಳ ತಂಗಿಯ ಗಂಡ ಆರಾಮಾಗಿ ಮನೆಗೆ ಹೋಗುತ್ತಾನೆ.

ಸತ್ತವಳಿಂದ ತೆಗೆದಿಟ್ಟ ರಕ್ತದ ಬಾಟಲಿ ಇನ್ನೂ ಆಸ್ಪತ್ರೆಯ ಫ್ರಿಜ್ಜಿನಲ್ಲಿದೆ. ಅದನ್ನು ಪರೀಕ್ಷೆ ಮಾಡಿಸಿ ಎಂದು ಕೋರ್ಟನ್ನು ಕೇಳಲು ನಾಳೆ ಆ ಅಕ್ಕನಿಗೆ ನಾನೇ ಹೇಳುತ್ತೇನೆ.