ನಾಲ್ಕು ಇಂಚಿನ ಅಳತೆ

ಸರ್ಕಾರಿ ಶಾಲೆ, ಹೊಲಿಗೆ ಕೋಣೆ
ಮಂಗಳವಾರ, ಊಟದ ಬಿಡುವು

ಮುಖ ಊದಿಸಿಕೊಂಡು ಕೂತಿರುವ ನನ್ನ ಮಗಳಿಗೆ,

ದೊಡ್ಡಮ್ಮನ ಮನೆ ಸೇರಿ, ನನ್ನ ಫೋನ್ ಎತ್ತುವುದಿಲ್ಲ ಎಂದು ನೀನು ಹಟ ಹಿಡಿದು ಇಂದಿಗೆ ಇಪ್ಪತ್ತೆರಡು ದಿನ. ದೊಡ್ಡಮ್ಮನನ್ನು ಕೇಳಿದರೆ, ಚೆನ್ನಾಗಿದ್ದಾಳೆ, ಹೊತ್ತಿಗೆ ಸರಿಯಾಗಿ ಉಣ್ತಾಳೆ, ನಿನ್ನ ಸುದ್ದಿ ಎತ್ತಿದರೆ ಮಾತ್ರ ಎದ್ದು ಹೋಗ್ತಾಳೆ ಅಂದಳು. ಹೇಳುವಾಗ ಅವಳ ದನಿಯಲ್ಲಿ ಸ್ವಲ್ಪ ಖುಷಿಯೂ ಇತ್ತು. ಇರಲಿ. ಈ ಕಾಗದವನ್ನಾದರೂ ಹರಿದು ಹಾಕುವ ಮುಂಚೆ ಓದು. ಪರೀಕ್ಷೆಯ ಅರ್ಜಿಗೆ ನಿನ್ನ ಸಹಿ ಬೇಕು, ಶುಕ್ರವಾರ ಕೊನೆಯ ದಿನ. ಅದು ತಪ್ಪಿದರೆ ಒಂದು ವರ್ಷ ಮಣ್ಣುಪಾಲು.

ಅವತ್ತು ಗೇಟಿನಲ್ಲಿ ನಡೆದದ್ದು ನಿನಗೆ ಗೊತ್ತು. ನನ್ನ ಕಡೆಯದನ್ನೂ ಸ್ವಲ್ಪ ಕೇಳು. ಧರ್ಮ ತೋರಿಸುವ ಉಡುಪು, ಗುರುತು ಯಾವುದೂ ಸರ್ಕಾರಿ ಶಾಲೆಯೊಳಗೆ ಬರಕೂಡದು ಎಂದು ಆದೇಶ ಬಂತು. ತಲೆಗೆ ಹೇರ್ ಬ್ಯಾಂಡ್ ಇರಬಹುದು, ವಸ್ತ್ರ ಇರಬಾರದು. ಯಾವುದು ಬ್ಯಾಂಡು, ಯಾವುದು ವಸ್ತ್ರ? ನಾಲ್ಕು ಇಂಚಿನವರೆಗೆ ಬ್ಯಾಂಡು, ಅದಕ್ಕಿಂತ ಅಗಲವಾದರೆ ಧರ್ಮ. ಅಳೆಯುವವರು ಯಾರು? ಹೆಡ್‌ಮಾಸ್ಟರು ನನ್ನ ಕೊರಳಲ್ಲಿ ನೇತಾಡುವ ಟೇಪನ್ನು ನೋಡಿ, ಟೀಚರ್, ಇದು ನಿಮ್ಮ ಸಬ್ಜೆಕ್ಟು ಅಂದರು. ಸಂಬಳಕ್ಕೆ ದುಡಿಯುವವಳು ಮೇಲಿಂದ ಬಂದದ್ದಕ್ಕೆ ಎದುರಾಡಲು ಆಗುತ್ತದೆಯೇ?

ಹದಿನೇಳು ವರ್ಷ ಈ ಟೇಪಿನಿಂದ ಸೊಂಟ ಅಳೆದಿದ್ದೇನೆ, ತೋಳು ಅಳೆದಿದ್ದೇನೆ. ಭಕ್ತಿ ಅಳೆದದ್ದು ಇದೇ ಮೊದಲು. ಮಕ್ಕಳು ಬಿಚ್ಚಿಕೊಡುವ ಪದಕ, ದಾರಗಳಿಗೆಂದು ನನ್ನ ಗುಂಡಿ ಡಬ್ಬಿಗಳನ್ನೇ ಖಾಲಿ ಮಾಡಿದ್ದೇನೆ. ಹೆಸರು ಬರೆದು ಇಟ್ಟುಕೊಂಡು ಸಂಜೆ ಹಿಂದಿರುಗಿಸುತ್ತೇನೆ. ಹೆಡ್‌ಮಾಸ್ಟರ ಕೀಲಿಗೊಂಚಲಿನಲ್ಲೂ ಒಂದು ದೇವರ ಪದಕ ಇದೆಯಲ್ಲ, ಅದರ ಗತಿ ಏನು ಸಾರ್ ಎಂದು ವಿಜ್ಞಾನದ ಟೀಚರ್ ಕೇಳಿಯೇಬಿಟ್ಟಳು. ಕೀಲಿ ಉಡುಪಲ್ಲಮ್ಮ ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಈಗ ನೆನೆದರೆ ನನ್ನ ಮೇಲೇ ಅಸಹ್ಯವಾಗುತ್ತದೆ.

ನಿನ್ನ ಸರದಿ ಬಂದಾಗ ನೀನು ಅಮ್ಮ ಅನ್ನಲಿಲ್ಲ, ಅಳೀರಿ ಟೀಚರ್ ಅಂದೆ. ಹಿಂದೆ ಇಡೀ ಸಾಲು ನಿಂತಿತ್ತು. ಅಳೆದೆ. ಐದೂಕಾಲು. ಅಳತೆಯನ್ನು ಜೋರಾಗಿ ಹೇಳಬೇಕಿತ್ತು, ಹೇಳಿದೆ. ಗುಮಾಸ್ತೆ ಬರೆದುಕೊಂಡಳು. ನೀನು ಬ್ಯಾಗನ್ನು ಹೆಗಲಿಗೇರಿಸಿ ತಿರುಗಿ ಹೋದ ರೀತಿ ಥೇಟು ನಿನ್ನಪ್ಪನದು. ಅವರೂ ಜಗಳವಾಡುತ್ತಿರಲಿಲ್ಲ, ಎದ್ದು ಹೊರಟುಬಿಡುತ್ತಿದ್ದರು.

ಅವರು ತೀರಿಕೊಂಡ ಮೇಲೆ ನೀನು ಆ ವಸ್ತ್ರ ಕಟ್ಟತೊಡಗಿದೆ. ನಾನು ಎಂದೂ ಕಟ್ಟಿದವಳಲ್ಲ. ಅವರ ಹಾಗೆ ದೇವರನ್ನು ನಂಬಲು ನನಗೆ ಬರಲೇ ಇಲ್ಲ. ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ನೀನು ಅದನ್ನು ಮಡಿಸುವಾಗ ನೀನೂ ಅಪ್ಪನೂ ಒಳಗಿದ್ದೀರಿ, ನಾನೊಬ್ಬಳು ಬಾಗಿಲಾಚೆ ಇದ್ದೇನೆ ಅನ್ನಿಸುತ್ತಿತ್ತು. ಹೊಟ್ಟೆಕಿಚ್ಚು ಅನ್ನು, ಅದಕ್ಕೆ ಬೇರೆ ಹೆಸರಿಲ್ಲ.

ನೀನೊಬ್ಬಳೇ ಅಲ್ಲ, ಇನ್ನೂ ಹನ್ನೊಂದು ಮಕ್ಕಳು ಆ ಅಳತೆಗೆ ಸಿಕ್ಕಿಬಿದ್ದರು. ಬೇಕರಿಯವರ ಕಿರಿಮಗಳು ನೆನಪಿದ್ದಾಳಾ, ಗುಂಡಿಯ ಕಾಜಾ ಹೊಲಿಯುವುದರಲ್ಲಿ ನನ್ನನ್ನೇ ಮೀರಿಸಿದವಳು? ಅವಳದು ನಾಲ್ಕೂವರೆ. ಮನೆಯವರಿಗೆ ಅಷ್ಟೇ ಬೇಕಿತ್ತು, ಓದಿದ್ದು ಸಾಕು ಎಂದು ಬಿಡಿಸಿಬಿಟ್ಟರು. ನಿನ್ನೆ ಲಾಂಡ್ರಿಗೆ ಹೋದರೆ ಅವಳೇ ಇಸ್ತ್ರಿ ಮಾಡುತ್ತಿದ್ದಳು. ನನ್ನ ಬಟ್ಟೆ ಮಡಿಸಿ ಕೊಟ್ಟು, ಅರ್ಧ ಇಂಚು ಬಿಡಬಹುದಿತ್ತಲ್ವಾ ಟೀಚರ್ ಅಂದಳು. ಸಿಟ್ಟಿನಿಂದ ಅನ್ನಲಿಲ್ಲ. ಏನೇ ಕತ್ತರಿಸಿದರೂ ಹೊಲಿಗೆಗೆಂದು ಅರ್ಧ ಇಂಚು ಹೆಚ್ಚಿಗೆ ಬಿಡಬೇಕು ಎಂದು ಅವಳಿಗೆ ಕಲಿಸಿದವಳು ನಾನೇ. ಚಿಲ್ಲರೆಯನ್ನೂ ತೆಗೆದುಕೊಳ್ಳದೆ ಬಂದುಬಿಟ್ಟೆ.

ಅರ್ಜಿಯನ್ನು ಇದರ ಜೊತೆಗೇ ಇಟ್ಟಿದ್ದೇನೆ. ನನ್ನ ಮೇಲಿನ ಸಿಟ್ಟನ್ನು ಪರೀಕ್ಷೆಯ ಮೇಲೆ ತೀರಿಸಿಕೊಳ್ಳಬೇಡ. ಸಹಿ ಮಾಡಿ ದೊಡ್ಡಮ್ಮನ ಕೈಯಲ್ಲಾದರೂ ಕಳಿಸು. ಮನೆಗೆ ಬಂದರೆ ನಿನ್ನ ತಲೆಯ ತಂಟೆಗೆ ನಾನು ಬರುವುದಿಲ್ಲ.

ಇಂತಿ,
ಅಮ್ಮ ಎಂದು ಬರೆದುಕೊಳ್ಳಲು ನೀನಿನ್ನೂ ಬಿಟ್ಟರೆ,
ಅಮ್ಮ

ಮರೆತ ಮಾತು: ಮರೆತಿದ್ದೆ ಅಂದರೆ ಸುಳ್ಳಾಗುತ್ತದೆ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಆದೇಶದಲ್ಲಿ ಇಂಚಿನ ಮಾತೇ ಇಲ್ಲ. ಎಷ್ಟರವರೆಗೆ ಬಿಡೋಣ ಟೀಚರ್ ಎಂದು ಹೆಡ್‌ಮಾಸ್ಟರು ಕೇಳಿದಾಗ ನಾಲ್ಕು ಅಂದವಳು ನಾನು. ಅದರ ಹಿಂದಿನ ದಿನ ನೀನು ಸ್ನಾನಕ್ಕೆ ಹೋಗಿದ್ದಾಗ, ಹಗ್ಗದ ಮೇಲೆ ಒಣಗುತ್ತಿದ್ದ ನಿನ್ನ ವಸ್ತ್ರವನ್ನು ನೀನು ಮಡಿಸುವ ಹಾಗೇ ಮಡಿಸಿ ಅಳೆದು ನೋಡಿದ್ದೆ. ಐದೂಕಾಲು ಇತ್ತು. ಉಳಿದ ಹನ್ನೊಂದು ಮಕ್ಕಳದ್ದನ್ನು ನಾನು ಅಳೆದು ನೋಡಿರಲಿಲ್ಲ.