ಮಿಲ್ಲಿನಲ್ಲಿ ಮಲಗುತ್ತಿದ್ದ ಭಾವನಿಗೆ

ಪ್ರೀತಿಯ ಭಾವನವರಿಗೆ, ನಿಮ್ಮ ಒಬ್ಬನೇ ಒಬ್ಬ ಭಾವಮೈದುನ ನಾಗರಾಜನ ಸಾಷ್ಟಾಂಗ ನಮಸ್ಕಾರಗಳು.

ಯಲಹಂಕದ ಸಮಸ್ತ ಮಹಾಜನರಿಗೂ, ಮೇಲಿನ ಲೋಕದಲ್ಲಿ ಸುಖವಾಗಿರುವ ತಮಗೂ ಅತ್ಯಂತ ಹರ್ಷದಿಂದ ಘೋಷಿಸುವುದೇನೆಂದರೆ, ನಮ್ಮ ಮನೆಯ ನಡುಕೋಣೆಯ ಬಾಗಿಲಿಗೆ ಹೊಸ ಚಿಲಕ ಬಂದಿದೆ! ಹಿತ್ತಾಳೆಯದು. ಉದ್ಘಾಟನೆಗೆ ಮಂತ್ರಿಗಳು ಸಿಗದ ಕಾರಣ ಬಡಗಿಯೇ ಒಮ್ಮೆ ಹಾಕಿ, ಒಮ್ಮೆ ತೆಗೆದು, ಕಾಫಿ ಕುಡಿದು ಹೋದ. ಹಳೆಯ ಚಿಲಕಕ್ಕೆ ಏನಾಯಿತು ಅಂತೀರಾ? ಅದಕ್ಕೆ ಕಾರಣ ತಾವೇ. ಇರಲಿ, ಅದನ್ನು ಆಮೇಲೆ ಹೇಳುತ್ತೇನೆ.

ನೀವು ರಷ್ಯಾದಲ್ಲಿ ತರಬೇತಿ ಮುಗಿಸಿ ಮೊದಲ ಸಲ ರಜೆಗೆ ಬಂದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅರವತ್ತರ ದಶಕ ಮುಗಿಯುತ್ತಾ ಬಂದಿತ್ತು. ನಿಮ್ಮ ಊರು ರಾಜಾನುಕುಂಟೆಯಾದರೂ ಅಕ್ಕ ನಮ್ಮಲ್ಲೇ ಇದ್ದದ್ದರಿಂದ ಯಲಹಂಕದಲ್ಲೇ ಇಳಿದಿರಿ. "ನೇವಿಯಲ್ಲಿ ಏನ್ ಕೆಲ್ಸ ಭಾವ?" ಎಂದು ಕೇಳಿದರೆ "ಹಡಗಲ್ಲಿ ಮೆಕ್ಯಾನಿಕ್ ಕಣೋ" ಎಂದಿರಿ. ಆ ಹಡಗು ನೀರಿನ ಮೇಲಲ್ಲ, ನೀರಿನೊಳಗೆ ಓಡಾಡುವ ಸಬ್‌ಮೆರೀನ್ ಎಂಬ ಸಣ್ಣ ವಿವರವನ್ನು ಹೇಳಲು ಮರೆತುಬಿಟ್ಟಿರಿ. ಹೆಬ್ಬಾಳದ ಕೆರೆ ಏರಿಯ ಮೇಲೆ ಬಸ್ಸು ಹೋಗುವಾಗಲೇ ಕಂಬಿ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದ ನಮ್ಮಮ್ಮ ಅದನ್ನು ಕೇಳಿದ್ದರೆ...

ಬಂದ ಎರಡನೇ ದಿನವೇ ನೀವು ಅದೇ ಅಮ್ಮನನ್ನು ಉಗ್ರಾಣದಲ್ಲಿ ಕೂಡಿಹಾಕಿದಿರಿ, ನೆನಪಿದೆಯಾ? ತೆರೆದ ಬಾಗಿಲು ಕಂಡರೆ ನಿಮಗೆ ಆಗುತ್ತಿರಲಿಲ್ಲ; ಅದು ಸಬ್‌ಮೆರೀನಿನ ಅಭ್ಯಾಸವೆಂದು ಆಗ ನಮಗೇನು ಗೊತ್ತು? ಹಾದುಹೋದ ಬಾಗಿಲನ್ನೆಲ್ಲ ಮುಚ್ಚಿ, ಚಿಲಕ ಹಾಕಿ, ಒಮ್ಮೆ ತಳ್ಳಿ ನೋಡಿ ಮುಂದೆ ಹೋಗುವುದು. ಒಳಗಿನಿಂದ ಕೂಗು ಕೇಳಿಸಿತು: "ಯಾರ್ರೋ ಅದು ಚಿಲಕ ಹಾಕಿದ್ದು? ಕೈ ಸೇದೋಗ!" ನಾನು "ಅಳಿಯಂದ್ರು ಕಣಮ್ಮ" ಎಂದೆ. ದನಿ ತಕ್ಷಣ ಜೇನಾಯಿತು. "ಓ, ಅಳಿಯಂದ್ರಾ? ಇರ್ಲಿ ಬಿಡಪ್ಪ, ನಂಗೂ ಒಳಗೆ ಸ್ವಲ್ಪ ಕೆಲ್ಸ ಇತ್ತು." ಅಳಿಯತನದ ವೈಭವ ಎಂದರೆ ಅದಲ್ಲವೇ?

ಚಿಲಕದ ಕಾಟವನ್ನಾದರೂ ತಡೆದುಕೊಳ್ಳಬಹುದಿತ್ತು. ಮೂರು ವರ್ಷ ಕಾದ ಹೆಂಡತಿಯನ್ನು ಮನೆಯಲ್ಲಿ ಬಿಟ್ಟು, ಮಧ್ಯಾಹ್ನ ಊಟವಾದೊಡನೆ ಮುನಿಯಪ್ಪನ ರಾಗಿ ಮಿಲ್ಲಿಗೆ ಹೋಗಿ ಮೂಟೆಗಳ ಮೇಲೆ ಮಲಗತೊಡಗಿದಿರಲ್ಲ, ಅದನ್ನು ಏನೆನ್ನಬೇಕು? ಬೀದಿಯಲ್ಲಿ ಗುಸುಗುಸು ಎದ್ದಿತು. ನೀರು ಸೇದುವಲ್ಲಿ ಯಾರೋ ಅಕ್ಕನನ್ನು "ಏನ್ ಜಯಮ್ಮ, ನಿಮ್ಮೆಜಮಾನ್ರಿಗೆ ನಿಂಗಿಂತ ಮಿಲ್ಲೇ ವಾಸಿಯಂತೆ?" ಎಂದು ಕೇಳಿದರಂತೆ. ಅಕ್ಕ ಬಿಂದಿಗೆಯನ್ನು ಅರ್ಧ ತುಂಬಿಸಿಕೊಂಡೇ ಮನೆಗೆ ಬಂದಳು. ಯಶವಂತಪುರದ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತನಾಗಿದ್ದ ನನಗೆ ಅಂದು ಭಾನುವಾರದ ರಜ. "ಲೋ ನಾಗ, ಹೋಗಿ ನೋಡ್ಕೊಂಡ್ ಬಾ. ನನ್ ಪಕ್ಕ ಬರದೇ ಇರೋ ನಿದ್ದೆ ಅಲ್ಲೆಂಗೆ ಬರುತ್ತೆ ಅಂತ ಕೇಳ್ಕೊಂಡ್ ಬಾ" ಎಂದಳು. ನಗುತ್ತಲೇ ಹೇಳಿದಳು. ಆದರೆ ಅದು ನಗು ಆಗಿರಲಿಲ್ಲ.

ಮಿಲ್ಲಿನ ಬಾಗಿಲಲ್ಲಿ ಮುನಿಯಪ್ಪ ನನ್ನನ್ನು ಕಂಡವನೇ ಬಾಯಿಯ ಮೇಲೆ ಬೆರಳಿಟ್ಟ. ಒಳಗೆ ಡೀಸೆಲ್ ಇಂಜಿನ್ ಗೋಡೆ ನಡುಗುವಂತೆ ಬಡಿದುಕೊಳ್ಳುತ್ತಿದೆ, ಈತ ಸದ್ದು ಮಾಡಬೇಡ ಅಂತಾನೆ! "ನಿಮ್ ಭಾವ ಬಂಗಾರ್ದಂಥ ಮನ್ಸ ಕಣಪ್ಪ. ಆದ್ರೆ ನನ್ ಕಷ್ಟ ಕೇಳು. ಗಿರಾಕಿ ಇಲ್ಲ ಅಂತ ಇಂಜಿನ್ ನಿಲ್ಸಿದ್ರೆ ಧಡಕ್ಕಂತ ಎದ್ದು ಕೂತ್ಕತಾರೆ. ಮುಖ ಬೆಳ್ಳಗಾಗೋಗಿರ್ತದೆ. 'ಏನಾಯ್ತು, ಏನಾಯ್ತು' ಅಂತಾರೆ. ಇಂಗೆ ಖಾಲಿ ಮಿಲ್ ಓಡಿಸ್ಕೊಂಡು ನಾನ್ ಬದುಕಾಕಾಯ್ತದಾ?" ಮುಖದ ಬಿಳುಪು ಹಿಟ್ಟಿನದೆಂದು ನಾನು ತಿಳಿದೆ. ಅಷ್ಟು ಬುದ್ಧಿವಂತ ನಿಮ್ಮ ಭಾವಮೈದುನ!

ಅಷ್ಟರಲ್ಲಿ ನನ್ನ ಹಿಂದೆಯೇ ಅಕ್ಕ ಬಂದಳು, ಸೊಂಟದ ಮೇಲೆ ರಾಗಿಯ ಮೊರ. ನೆಪಕ್ಕಾದರೂ ಒಂದು ಮೊರ ರಾಗಿ ಬೇಕಲ್ಲ. ನಿಮ್ಮ ಪಕ್ಕದ ಮೂಟೆಯ ಮೇಲೆ ಕೂತಳು. ನೀವು ಏಳುವ ಹೊತ್ತಿಗೆ ಇಬ್ಬರೂ ತಲೆಯಿಂದ ಕಾಲಿನವರೆಗೆ ಹಿಟ್ಟು. "ಮನೇಲಿ ನಿದ್ದೆ ಬರಲ್ವಾ ನಿಮಗೆ?" ಎಂದು ಕೇಳಿದಳು. ನೀವು ರೆಪ್ಪೆಯ ಮೇಲಿನ ಹಿಟ್ಟು ಒರೆಸಿಕೊಳ್ಳುತ್ತಾ "ಇಲ್ಲಿ ಬರುತ್ತೆ" ಎಂದಿರಿ. ಅಷ್ಟೇ! ಭಾವ, ಇನ್ನೊಂದು ಮಾತು ಸೇರಿಸಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ಬಿಳಿ ಭೂತಗಳ ಜೋಡಿಯಂತೆ ಬೀದಿಯಲ್ಲಿ ನಡೆದು ಹೋದಿರಿ. ಅಂದಿನಿಂದ ಯಾವ ಜಗಳವಾದರೂ ಅಕ್ಕನ ಕೊನೆಯ ಬಾಣ ಒಂದೇ: "ಹೋಗಿ, ಮಿಲ್ಲಲ್ಲೇ ಮಲ್ಕೊಳ್ಳಿ." ನೀವು ನಿವೃತ್ತರಾದಿರಿ, ಸಬ್‌ಮೆರೀನಿನ ಗುಟ್ಟು ಎಲ್ಲರಿಗೂ ತಿಳಿಯಿತು, ಮಿಲ್ಲು ಮುಚ್ಚಿತು. ಬಾಣ ಮಾತ್ರ ಮೊಂಡಾಗಲಿಲ್ಲ. ನೀವೂ ಬಾಯಿ ಬಿಡಲಿಲ್ಲ.

ಈಗ ನಿಮಗೆ ಗೊತ್ತಿಲ್ಲದ ಸುದ್ದಿ. ಹೋದ ತಿಂಗಳು ನಿಮ್ಮ ಸಬ್‌ಮೆರೀನಿನ ಹಳೆಯ ಜೊತೆಗಾರರು ಹೆಬ್ಬಾಳದ ಒಂದು ಸಭಾಂಗಣದಲ್ಲಿ ಸೇರಿ ನಮ್ಮನ್ನೂ ಕರೆದಿದ್ದರು. ಅಗಲಿದ ಒಬ್ಬೊಬ್ಬರ ಬದುಕನ್ನೂ ಒಬ್ಬ ಜೊತೆಗಾರ ಎದ್ದುನಿಂತು ಹೇಳಬೇಕು. ಅದು ಅವರ ಪದ್ಧತಿಯಂತೆ. ಈರುಳ್ಳಿ ಹೆಚ್ಚಿ ಇಡೀ ಸಬ್‌ಮೆರೀನನ್ನೇ ಅಳಿಸಿದ ಅಡುಗೆಯವರೊಬ್ಬರು, ಆರಡಿ ಎತ್ತರವಿದ್ದು ವರ್ಷಗಟ್ಟಲೆ ಮಡಿಸಿಕೊಂಡೇ ಮಲಗಿದವರೊಬ್ಬರು. ಜನ ನಗುತ್ತಿದ್ದರು, ಮೂಗೊರೆಸಿಕೊಳ್ಳುತ್ತಿದ್ದರು. ನಿಮ್ಮ ಸರದಿ ಬಂದಾಗ ಎದ್ದವರು ಆರ್.ಟಿ. ನಗರದಲ್ಲಿ ನೆಲೆಸಿರುವ ನಿಮ್ಮ ಗೆಳೆಯ ಕುಟ್ಟನ್.

"ನೀರಿನ ಕೆಳಗೆ ಹೋದ್ರೆ ಇಂಜಿನ್ ನಿಲ್ಲಿಸ್ಬೇಕು, ಅದಕ್ಕೆ ಗಾಳಿ ಬೇಕಲ್ಲ" ಎಂದರು ಅವರು. "ಬ್ಯಾಟರಿ ಮೇಲೆ ಹೋಗೋದು. ಸದ್ದೇ ಇಲ್ಲ. ಆ ಮೌನದಲ್ಲಿ ನಮ್ ಗೌಡ್ರು ಕಣ್ಣು ಬಿಟ್ಕೊಂಡೇ ಮಲಗಿರೋರು. ಮೇಲೆ ಬಂದು ಇಂಜಿನ್ ಶುರುವಾದ್ರೆ ಸಾಕು, 'ಜಯಾ, ಮಿಲ್ ಶುರುವಾಯ್ತು' ಅಂತ ಪಕ್ಕಕ್ಕೆ ತಿರುಗಿ ನಿದ್ದೆ ಹೋಗೋರು. ಯಾರಪ್ಪ ಈ ಜಯಾ, ಯಾವ ಮಿಲ್ಲು ಅಂತ ಒಂದಿನ ಕೇಳಿದೆ. 'ನನ್ ಹೆಂಡ್ತಿ ಕಣೋ. ನಾನು ಮಲಗಿದ್ರೆ ರಾಗಿ ಮೂಟೆ ಮೇಲೆ ಕೂತು ಕಾಯ್ತಾಳೆ' ಅಂದ್ರು."

ಅಕ್ಕ ಅತ್ತಳೆಂದುಕೊಂಡಿರಾ? ಆಟೋ ಹತ್ತಿದವಳೇ ಸಿಡಿದಳು. "ಇಷ್ಟನ್ನ ನಂಗೆ ಹೇಳಕ್ಕೆ ಏನಾಗಿತ್ತು ಈ ಮನುಷ್ಯಂಗೆ? ಸಮುದ್ರಕ್ಕೆಲ್ಲ ಹೇಳಿದ್ದಾರೆ!" ಯಲಹಂಕ ಹತ್ತಿರವಾದಂತೆ ದನಿ ಇಳಿಯಿತು. "ನಾಗ, ಅವತ್ತು ನಾನು ಕಾಯಕ್ಕೆ ಕೂತಿರ್ಲಿಲ್ಲ ಕಣೋ. ಬಯ್ಯಕ್ಕೆ ಕೂತಿದ್ದೆ. ಎಬ್ಬಿಸಕ್ಕೆ ಮನಸ್ಸು ಬರ್ಲಿಲ್ಲ, ಅಷ್ಟೆ." ಈಗ ಮುನಿಯಪ್ಪನ ಮಿಲ್ಲಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ಮಧ್ಯಾಹ್ನ ಕರೆಂಟ್ ಹೋಗಿ ಅದರ ಜನರೇಟರ್ ಹೊಡೆದುಕೊಳ್ಳಲು ಶುರುವಾದರೆ ಬೀದಿಗೆ ಬೀದಿಯೇ ಶಪಿಸುತ್ತದೆ. ಅಕ್ಕ ನಿಮ್ಮ ಫೋಟೋದ ಕಡೆ ತಿರುಗಿ "ಶುರುವಾಯ್ತು, ಮಲ್ಕೊಳ್ಳಿ" ಅನ್ನುತ್ತಾಳೆ.

ಇನ್ನು ಆ ಚಿಲಕದ ವಿಷಯ. ಹೋದ ವರ್ಷದ ಮಹಾಲಯ ಅಮಾವಾಸ್ಯೆಗೆ ನಡುಕೋಣೆಯಲ್ಲಿ ನಿಮಗೆ ಎಡೆ ಇಟ್ಟು, ಹಿರಿಯರು ಬಂದು ಉಣ್ಣಲೆಂದು ಎಂದಿನಂತೆ ಬಾಗಿಲು ಮುಂದೆ ಮಾಡಿ ಹೊರಗೆ ಕೂತೆವು. ಸ್ವಲ್ಪ ಹೊತ್ತಾದ ಮೇಲೆ ನಾನು ಬಾಗಿಲು ತಟ್ಟಿ ತಳ್ಳಿದರೆ, ಅಲ್ಲಾಡಬೇಕಲ್ಲ! ಸಡಿಲವಾಗಿದ್ದ ಚಿಲಕ ಒಳಗೆ ತಾನಾಗಿಯೇ ಬಿದ್ದಿತ್ತು. ಎಲ್ಲರ ಮುಖ ಕಪ್ಪಿಟ್ಟಿತು. ಅಕ್ಕ ಮಾತ್ರ "ಇನ್ಯಾರು? ಹೋದ್ರೂ ಚಾಳಿ ಬಿಟ್ಟಿಲ್ಲ" ಎಂದಳು. ಬಡಗಿ ಬಂದು ಚಿಲಕ ಒಡೆದು ತೆಗೆಯುವ ಹೊತ್ತಿಗೆ ಮುದ್ದೆ ಕಲ್ಲಾಗಿತ್ತು.

ಬರುವ ಅಮಾವಾಸ್ಯೆಗೆ ಮತ್ತೆ ಎಡೆ ಇಡುತ್ತೇವೆ. ಹತ್ತು ನಿಮಿಷ ಜನರೇಟರ್ ಓಡಿಸಲು ಅಪಾರ್ಟ್‌ಮೆಂಟಿನ ವಾಚ್‌ಮನ್‌ನನ್ನು ಒಪ್ಪಿಸಿದ್ದೇನೆ. ಅವನಿಗೆ ಒಂದು ಡಬ್ಬಿ ಕೋಳಿಸಾರಿನ ಮಾತಾಗಿದೆ. ಬನ್ನಿ, ಹೊಟ್ಟೆ ತುಂಬ ಉಣ್ಣಿ, ಬೇಕಿದ್ದರೆ ಅಲ್ಲೇ ಒಂದು ನಿದ್ದೆಯನ್ನೂ ತೆಗೆಯಿರಿ. ಬಾಗಿಲಾಚೆ ಅಕ್ಕ ಕೂತಿರುತ್ತಾಳೆ. ಈ ಸಲ ಬಯ್ಯುವುದಕ್ಕಲ್ಲ.

ಒಂದು ಉಪಕಾರ ಮಾತ್ರ ಮಾಡಿ ಭಾವ. ಚಿಲಕ ಹಾಕಬೇಡಿ. ಬಡಗಿ ತಿರುಪತಿಗೆ ಹೋಗಿದ್ದಾನೆ.