ಹುಕ್ಕೇರಿಯವರು ಒಯ್ದ ಪತ್ರಿಕೆ

೧೨-೯-೨೦೦೬, ಮಂಗಳವಾರ, ಗೋಕಾಕ

ನಮ್ಮ ಗ್ರಂಥಾಲಯದ ಕೌಂಟರಿನ ಪಾಯಪ್ಪ ಕಾಕಾನ ಮುಖ ಕಣ್ಣಿಂದ ಸರಿಯುತ್ತಿಲ್ಲ.

ಗೋಕಾಕ, ಮೂಡಲಗಿ, ಹುಕ್ಕೇರಿ ಕಾಲೇಜುಗಳ ಗ್ರಂಥಾಲಯಗಳು ಕಂಪ್ಯೂಟರಿನಲ್ಲೇ ಓದುವ ಪತ್ರಿಕೆಗಳನ್ನು ಹಂಚಿಕೊಳ್ಳತೊಡಗಿ ತಿಂಗಳಾಯಿತು. ನಾಳೆ ಪ್ರಬಂಧ ಒಪ್ಪಿಸಬೇಕಾದ ವಿದ್ಯಾರ್ಥಿನಿ ಮಯೂರಿಯನ್ನು ಕಾಕಾ ಎರಡು ಸಲ ಬರಿಗೈಲಿ ಕಳಿಸಿದ್ದರು: "ಆ ಪತ್ರಿಕೆ ಹುಕ್ಕೇರಿಯವ್ರು ಒಯ್ದಾರ ತಂಗಿ, ತಿರುಗಿ ಬರ್ಲಿ." ಹುಕ್ಕೇರಿಯ ಹೆಸರಿನಲ್ಲಿ ಕಾರ್ಡು ಬರೆದು, ಮರಳಿಸುವ ತಾರೀಖಿನ ಮುದ್ರೆಯನ್ನೂ ಒತ್ತಿದ್ದರು. ಶಿಸ್ತು ಅಂದರೆ ಶಿಸ್ತು.

"ಇದನ್ನ ಒಮ್ಮೆಲೇ ಎಲ್ಲಾರೂ ಓದಬಹುದು ಕಾಕಾ," ಎಂದೆ.

"ಹಂಗಾರ ಮೂವತ್ತ ವರ್ಷ ಹುಡುಗರನ್ನ ಸುಮ್ನ ಹಿಂದಕ ಕಳಿಸಿದ್ನೇನ್ರಿ, ಸರ್?"

ನಾನು ಮಯೂರಿಯನ್ನು ಕರೆದು ಕಂಪ್ಯೂಟರಿನಲ್ಲಿ ಆ ಪತ್ರಿಕೆ ತೆರೆದುಕೊಟ್ಟೆ.

ಅವಳಿಗೆ ಬೇಕಾದ ಲೇಖನ ಸಿಕ್ಕಿತು. ಕಾಕಾ ಅವಳಿಗೂ ಕಾರ್ಡು ಬರೆದರು. ಮರಳಿಸುವ ತಾರೀಖಿನ ಜಾಗ ಮಾತ್ರ ಖಾಲಿ ಬಿಟ್ಟು, ಮುದ್ರೆಯನ್ನು ಕೈಯಲ್ಲೇ ಹಿಡಿದುಕೊಂಡು ಕೂತರು.